ಕಡೀ ರೊಟ್ಟಿ

ರಾತ್ರಿ ಎರಡಕ್ಕ ನೀರು ಬಂದ್ವು,
ಒಂಬತ್ತು ದಿನದ ಮ್ಯಾಲೆ.
ಬೆಟಗೇರಿಯ ನಮ್ಮ ಓಣಿ ತುಂಬ ಕೊಡದ ಸಪ್ಪಳ.
ಎದುರುಮನಿ ಖಾಸೀಂಬಿ ಪೈಪಿಗೆ ಬಾಯಿ ಹಚ್ಚಿ ಜಗ್ಗತಿದ್ಲು.
ನಾನು ಕೂಸನ್ನ ಸೊಂಟದಾಗ ಇಟಗೊಂಡು
ಬ್ಯಾರಲ್ಲು, ಹಂಡೆ, ಬಕೀಟು,
ಕಡೀಗೆ ದೇವರ ಮುಂದಿನ ಚರಿಗಿ ಸೈತ ತುಂಬಿಸಿ
ಮಿಕ್ಕ ನೀರಾಗ ಕಾಲು ತೊಳಕೊಂಡು ನಿಂತೆ.
ತಣ್ಣಗ. ಎಷ್ಟು ತಣ್ಣಗ ಅಂದ್ರ
ಯಾರೋ ನನ್ನ ಹೆಸರು ಹಿಡದು ಕರದಂಗಾತು.

ಹೆಸರು ಹಿಡದು ಕರಿಯೂದು ದವಾಖಾನ್ಯಾಗ ಮಾತ್ರ.
ಹೋದ ತಿಂಗಳು ಸಿಸ್ಟರು ಕೂಗಿದ್ಲು,
"ನೀಲಾಂಬಿಕಾ ಯಾರ್ರೀ?"
ನಾನೂ ಸುತ್ತ ನೋಡಿದೆ, ಯಾರಿರಬೇಕು ಅಂತ.
ಬೆರಳ ತುದೀಗೆ ಸೂಜಿ. ಒಂದು ಹನಿ.
"ಎಂಟೂವರಿ" ಅಂದ್ಲು, "ಹನ್ನೆರಡಿರಬೇಕಿತ್ತು."
ಎಂಟೂವರಿ ಅಂದ್ರ
ಮನಿಯವರು ಪ್ರೆಸ್ಸಿಗೆ ಹೋಗೂ ಹೊತ್ತು,
ಅಷ್ಟ ಗೊತ್ತು ನನಗ.
"ನೀ ಯಾವಾಗ ಉಣ್ತಿ?"
ಎಲ್ಲಾರದೂ ಆದಮ್ಯಾಲೆ.
"ಏನ್ ಉಣ್ತಿ?"
ಉಳದದ್ದು.
ಅದನ್ನ ಬರಕೊಳ್ಳಲಿಲ್ಲ ಅಕಿ.
ಕೆಂಪು ಗುಳಿಗಿಯ ಚೀಟಿ ಕೊಟ್ಟು
ಸುಮ್ಮನ ಕುಂತ್ಲು ಒಂದು ಗಳಿಗಿ.
ಗಂಟಿ ಮೂರಾಗಿತ್ತು.
ಅಕಿ ಬುತ್ತಿ ಡಬ್ಬೀನೂ ಇನ್ನೂ ಬಿಚ್ಚಿರಲಿಲ್ಲ.

ಕಡೀ ರೊಟ್ಟಿ ಯಾವಾಗಲೂ ನಂದು.
ಪರಾತದ ಅಂಚಿನ ಹಿಟ್ಟು ಕೆರದು ಬಡದದ್ದು,
ಅಂಗೈಯಷ್ಟು, ಒಂದು ಕಡೆ ಹರದದ್ದು,
ಗ್ಯಾಸು ಬಂದ್ ಮಾಡಿದ ಮ್ಯಾಲೆ
ಹಂಚಿನ ಮಿಕ್ಕ ಕಾವಿನಾಗ ಬೆಂದಂಗ ಮಾಡಿದ್ದು.
ನಮ್ಮವ್ವ ಹಿಂಗ ಉಂಡ್ಲು. ಅತ್ತೀನೂ.
ಯಾರೂ ಕಲಿಸಿರಲಿಲ್ಲ. ಕೈ ಕಲತಿತ್ತು.

ಇವತ್ತು ಮನಿ ತುಂಬ ನೀರು.
ತೊಟ್ಟಿಲದಾಗ ಪಕ್ಕೂ.
ಫಕೀರಪ್ಪ ಅಂತ ಅಜ್ಜನ ಹೆಸರು,
ಎಂಟು ತಿಂಗಳ ಯಜಮಾನ.
ಹಂಚು ಕಾದಿತ್ತು. ಮೊದಲ ರೊಟ್ಟಿ ಉಬ್ಬಿ ಎದ್ದಿತು.
ಹುಣ್ಣಿವಿ ಚಂದ್ರ ಅನ್ನೂದಿಲ್ಲ ನಾನು, ಅದು ಎಲ್ಲಾರೂ ಅಂತಾರ.
ಹಾಲು ಕುಡದು ಮಲಗಿದ ಪಕ್ಕೂನ ಹೊಟ್ಟಿಯಂಗಿತ್ತು.
ಬುಟ್ಟಿಗೆ ಹಾಕಲಿಲ್ಲ.
ಕುಂತೆ, ನೆಲಕ್ಕ, ಗೋಡಿಗೆ ಬೆನ್ನು ಹಚ್ಚಿ.
ಕೆನಿಮೊಸರು, ಗುರೆಳ್ಳು ಹಿಂಡಿ,
ಒಂದು ಹಿಡಿ ಹಸೀ ಮೆಂತೆ ತೊಪ್ಪಲ,
ಮುಷ್ಟೀಲೆ ಗುದ್ದಿದ ಉಳ್ಳಾಗಡ್ಡಿ.
ಬಿಸಿ ರೊಟ್ಟಿಗೆ ಬಾಯಿ ಸುಡತೈತಿ ಅನ್ನೂದ
ಮರತುಬಿಟ್ಟಿದ್ದೆ.

ಬಾಗಿಲದಾಗ ಇಂಚರಾ, ಕೆದರಿದ ತಲಿ.
ಬೆಕ್ಕು ಹಾಲಿಗೆ ಬಾಯಿ ಹಾಕಿದ್ದು ಕಂಡವರಂಗ,
"ಅವ್ವಾ, ನೀ ಉಣ್ಣಾಕತ್ತಿ?"
ಹೂಂ.
"ಖರೇನ?"
ಎದುರಿಗೇ ಕುಂತ್ಲು, ಗದ್ದಕ್ಕ ಕೈ ಕೊಟ್ಟು,
ನನ್ನ ತುತ್ತು ಎಣಿಸಾಕ.
ಒಂದು, ಎಲ್ಡು, ಮೂರು, ಐದು.
ನಾಕು ಅಕಿ ವಯಸ್ಸು,
ಅದನ್ನ ಯಾರ ಲೆಕ್ಕಕ್ಕೂ ಕೊಡೂದಿಲ್ಲ.
"ಇನ್ನೊಂದೇ ಒಂದು, ಗುಬ್ಬಿ ತುತ್ತು" ಅಂತ
ನನ್ನ ಮಾತು ನನಗ ತಿನಿಸಿದ್ಲು.

ಅಷ್ಟರಾಗ ಇವರು, ಉಗುರಿನಾಗ ನೀಲಿ ಶಾಯಿ,
"ಬುತ್ತಿ?"
ಎರಡನೇದರಿಂದ ನಿಮದು, ಅಂದೆ ಬಾಯಿ ತುಂಬ.
ಗಡಿಯಾರ ನೋಡಿದ್ರು, ನನ್ನ ನೋಡಿದ್ರು,
ಹಂಚಿನ ಮ್ಯಾಲಿಂದನ್ನ ತಾವೇ ತಿರುವಾಕ ಹೋಗಿ
ಕರೀ ಮಾಡಿದ್ರು.
ಅದನ್ನ ಕಟಿಗೊಂಡು ಹೋದ್ರು, ನಗಲಿಲ್ಲ, ಸಿಟ್ಟಾಗಲಿಲ್ಲ.

ಮುಂದಿನ ತಿಂಗಳು ಮತ್ತ ಸೂಜಿ.
ಒಂಬತ್ತಾದ್ರ ಒಂಬತ್ತು.
ಗುಳಿಗಿ ನುಂಗಿ ಲಿಂಬಿಹಣ್ಣಿನ ನೀರು ಕುಡದೆ,
ಹುಳಿಗೆ ಕಣ್ಣು ಮುಚ್ಚಿದ್ವು.

ಕಡೀ ರೊಟ್ಟಿ, ಅದ ಹರದ ಅಂಗೈಯಷ್ಟರದು,
ಪಕ್ಕೂನ ಕೈಗೆ ಕೊಟ್ಟೆ.
ಒಂದ ಹಲ್ಲು ಅವಂಗ, ತಿನ್ನೂದೇನು.
ನೆಲಕ್ಕ ಬಡದ, ಟಪ್, ಟಪ್,
ತಿರುವಿ ಮತ್ತ ಬಡದ.