ಕ್ಲೇಮು ಏಳು

ಚಿಂತಾಮಣಿ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಪಕ್ಕ
ನನ್ನದೊಂದು ಮೇಜು, ಒಂದು ಕಂಪ್ಯೂಟರು, ಎರಡು ಸ್ಟೂಲು.
ಅಫಿಡವಿಟ್ಟಿಗೆ ಇಷ್ಟು ಎಂದು ಬೋರ್ಡು ಬರೆಸಿಲ್ಲ,
ಮುಖ ನೋಡಿ ಹೇಳುತ್ತೇನೆ.

ಚೆನ್ನೈ ಕಡೆಯ ವಕೀಲನೊಬ್ಬ ಕರೆತಂದ,
ದಲ್ಲಾಳಿ ಪಿಳ್ಳವೆಂಕಟಪ್ಪನನ್ನು.
ದನದ ಸಂತೆಯಲ್ಲೇ ಸವೆದ ಮಂಡಿ,
ಹೆಗಲಿಗೆ ಕೆಂಪಂಚಿನ ಟವೆಲು.

ಎರಡು ಕಂಪನಿಗಳ ಜಗಳವಂತೆ.
ಆನ್‌ಲೈನ್ ಹರಾಜಿನಲ್ಲಿ ಮಾರುವವನ ಕಡೇ ಬೆಲೆಯನ್ನು
ಯಾರಿಗೂ ತೋರದೆ ಬಚ್ಚಿಡುವ ವಿಧಾನ
ನಾವೇ ಕಂಡುಹಿಡಿದದ್ದು ಎಂದು ಒಬ್ಬರ ಪೇಟೆಂಟು.
ಈ ವಕೀಲ ಇನ್ನೊಬ್ಬರ ಕಡೆ:
ಹೊಸದೇನಲ್ಲ, ತೀರಾ ಹಳೇದು, ಸಾಕ್ಷಿ ಇದೆ.

ಸಾಕ್ಷಿ ನನ್ನ ಸ್ಟೂಲಿನ ಮೇಲೆ ಕೂತು ಬೀಡಿ ಹುಡುಕುತ್ತಿತ್ತು.

'ಕ್ಲೇಮು ಏಳು,' ವಕೀಲ ಓದಿದ,
'ಕೂಗಿದ ಬೆಲೆ ಕನಿಷ್ಠಕ್ಕಿಂತ ಕೆಳಗಿದ್ದಲ್ಲಿ
ಕನಿಷ್ಠವೆಷ್ಟೆಂದು ಬಯಲು ಮಾಡದೆಯೇ
ಕೊಳ್ಳುವವನಿಗೆ ಸೂಚನೆ ರವಾನಿಸುವ ವ್ಯವಸ್ಥೆ.'
ಅದನ್ನು ನಮ್ಮ ಮಾತಿಗೆ ತಂದು ಹೇಳಿದೆ.
ಮುದುಕ ನಕ್ಕ. 'ಅದಾ? ಕಿರುಬೆರಳು ಮಡಚೋದು.
ನಮ್ಮಪ್ಪ ಕಲಿಸಿದ್ದು, ಇನ್ನೂ ಚಡ್ಡಿ ಹಾಕ್ತಿದ್ದಾಗ.'

ಟೈಪು ಮಾಡಿದೆ:
ಟವೆಲಿನಡಿ ನಾಲ್ಕು ಬೆರಳು ಹಿಡಿದರೆ ನಾಲ್ಕು.
ನೂರೋ ಸಾವಿರವೋ, ಎತ್ತು ನೋಡಿದರೆ ತಿಳಿಯುತ್ತದೆ.
ಅಂಗೈ ಗೀರಿದರೆ ಅರ್ಧ.
ಮಣಿಕಟ್ಟು ಒತ್ತಿದರೆ, ಹೋಗಿ ಇನ್ನೊಮ್ಮೆ ಹಲ್ಲು ನೋಡಿ ಬಾ.

'ಯಾವ ಇಸವಿಯಿಂದ?'
'ಕೈವಾರದೋರ ಜೋಡಿ ಹೋರಿ ಕೆರೆಗೆ ಬಿದ್ದೋಯ್ತಲ್ಲ,
ಅದಕ್ಕಿಂತ ಮುಂಚೆ.'
'ಎಲ್ಲಾದರೂ ಬರೆದಿಟ್ಟಿದ್ದೀರಾ?'
'ಬರೆದಿಡೋ ಹಂಗಿದ್ರೆ ಟವೆಲು ಯಾಕಪ್ಪಾ?'

ವಕೀಲ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಹಾಕಿದ.
ಎದುರು ಪಕ್ಷ ಕೇಳುವುದು ಇದನ್ನೇ:
ಗುಟ್ಟಾಗಿ ಬಳಸಿದ್ದು ಬಳಕೆಯೇ ಅಲ್ಲ.
ಸಂತೆಗೆ ಸಂತೆಯೇ ಕಂಡದ್ದು ಟವೆಲನ್ನು,
ಬೆರಳನ್ನು ಕಂಡವರು ಯಾರು?

'ಅಮೀರ್ ಜಾನ್ ಇದ್ದಿದ್ರೆ ಹೇಳ್ತಿದ್ದ,' ಅಂದ ಮುದುಕ.
'ಮೂವತ್ತು ವರ್ಷ ಆ ಕೈ ಹಿಡಿದಿದೀನಿ.
ಮುಖ ಮರೆತೋಗದೆ ಈಗ.
ಕೈ ಮರೆತಿಲ್ಲ.'
ಇದನ್ನೂ ಹಾಕಲೇ ಎಂದೆ.
ಬೇಡ ಎಂದು ತಲೆಯಾಡಿಸಿದ ವಕೀಲ.

ಸಹಿ ಆಯಿತು. ಮೊಹರು ಬಿತ್ತು. ಕಾರು ಹೊರಟಿತು.
ಮುದುಕ ಮಾತ್ರ ಏಳಲಿಲ್ಲ.
'ನನಗೂ ಒಂದು ಕಾಪಿ ಬೇಕಮ್ಮೋ. ಎಷ್ಟು?'
ಹೇಳಲು ಬಾಯಿ ತೆರೆದೆ.
'ಇಲ್ಲಿ ಬೇಡ,' ಅಂದ, ಇಲ್ಲಿ ಇದ್ದದ್ದು ನಾವಿಬ್ಬರೇ,
ಟವೆಲನ್ನು ಕೀಬೋರ್ಡಿನ ಮೇಲೆ ಹಾಸಿ
ಕೈ ಕೇಳಿದ.

ಒಳಗೆ ಬೆವರಿನ ಬಿಸಿ, ಹುರಿಹಗ್ಗದಂಥ ಬೆರಳು.
ಅವನ ಮೊದಲ ಹಿಡಿತಕ್ಕೆ
ನನ್ನ ಕಿರುಬೆರಳು ನನ್ನನ್ನು ಕೇಳದೆ ಮಡಚಿಕೊಂಡಿತು.
ಎರಡನೆಯದಕ್ಕೆ ಸುಮ್ಮನಿತ್ತು.
ಇಷ್ಟು ವರ್ಷ ಮುಖ ನೋಡಿ ಬೆಲೆ ಹೇಳಿದ್ದೇನೆ,
ನನ್ನ ಕಡೇ ಬೆಲೆ ನನಗೇ ಗೊತ್ತಿರಲಿಲ್ಲ.

'ಎಷ್ಟಕ್ಕಾಯ್ತಕ್ಕಾ?' ಝೆರಾಕ್ಸ್ ಹುಡುಗ ಇಣುಕಿದ.
ಟವೆಲು ಹೆಗಲೇರಿ
ಆಗಲೇ ರಸ್ತೆ ದಾಟುತ್ತಿತ್ತು.