ಹಂಚಿಕೆ

ನೂರಾ ಹದಿನಾಲ್ಕು ಪುಟ, ಸ್ಪೈರಲ್ ಬೈಂಡಿಂಗು,
ಮುಖಪುಟದ ಮೇಲೆ ನಮ್ಮದಲ್ಲದ ಹುಲ್ಲುಹಾಸು.
'ಕನ್ನಡಕ್ಕೆ ತಂದುಬಿಡಿ ಮೇಡಂ, ಶುಕ್ರವಾರ ಸಿಂಡಿಕೇಟು'
ಎಂದರು ಉಪಕುಲಸಚಿವರು.
'ಗೌರವಧನದ ವಿಚಾರ ಆಮೇಲೆ ನೋಡೋಣ.'

ನಾನಿಲ್ಲಿ ಹನ್ನೊಂದು ವರ್ಷದ ಅತಿಥಿ ಉಪನ್ಯಾಸಕಿ.
ಯಾರ ಮನೆಯಲ್ಲೂ ಅತಿಥಿ ಇಷ್ಟು ದಿನ ನಿಲ್ಲುವುದಿಲ್ಲ,
ನಿಂತರೆ ನೀರು ಸೇದಲು ಹಚ್ಚುತ್ತಾರೆ.
ಇದೂ ಅದೇ ಎಂದುಕೊಂಡು
ಪುಟ ತೆರೆದೆ.

ಮೊದಲ ಸಾಲಿಗೇ ತೊಡಕು: ಸ್ಟ್ರ್ಯಾಟಜಿ.
ತಂತ್ರ ಎಂದರೆ ಅಮಾವಾಸ್ಯೆ, ನಿಂಬೆಹಣ್ಣು.
ವ್ಯೂಹ ಎಂದರೆ ಒಳಗೆ ಹೋದ ಹುಡುಗ, ಹೊರಗೆ ಬಾರದವನು.
(ಮೊದಲ ಸೆಮಿಸ್ಟರಿಗೆ ಅರವತ್ತೆರಡು ಮಂದಿ,
ನಾಲ್ಕನೆಯದಕ್ಕೆ ಮೂವತ್ತೆಂಟು.
ಆ ಪದ ಬೇಡ.)
ಕಾರ್ಯತಂತ್ರ ಸರ್ಕಾರದ ಪದ, ಇಸ್ತ್ರಿ ಮಾಡಿದ್ದು,
ಯಾರ ಮೈಗೂ ಅಂಟುವುದಿಲ್ಲ.

ಒಂಬತ್ತನೇ ಪುಟದಲ್ಲಿ ಸ್ಟೇಕ್‌ಹೋಲ್ಡರ್ ಬಂದ.
ಪಾಲುದಾರ ಎಂದು ಬರೆದೆ, ಬರೆದು ನಕ್ಕೆ.
ಅಪ್ಪ ಮಾನ್ವಿ ಕಡೆ ಪಾಲಿಗೆ ಹೊಲ ಮಾಡಿದವನು.
ಬೀಜ ಅವನದು, ಎತ್ತು ಅವನದು,
ಕಣದಲ್ಲಿ ಮೊದಲು ಅಳೆದುಕೊಳ್ಳುವವರು ಬೇರೆ.
ಹಾಗಾದರೆ ಅನುವಾದ ಸರಿಯಾಗಿಯೇ ಇದೆ.

ಜಾಗತಿಕ ಉತ್ಕೃಷ್ಟತೆ ಇಪ್ಪತ್ತೊಂದು ಸಲ.
ಶೌಚಾಲಯ ಒಂದು ಸಲ, ಅಡಿಟಿಪ್ಪಣಿಯಲ್ಲಿ.
ಬಸ್ಸು?
ಕಂಟ್ರೋಲ್ ಎಫ್ ಒತ್ತಿ ಹುಡುಕಿದೆ.
ಕಂಪ್ಯೂಟರು ನಿಷ್ಠೆಯಿಂದ ತೋರಿಸಿತು
ಬಿಸಿನೆಸ್ಸಿನ ಮೊದಲ ಮೂರು ಅಕ್ಷರ.

ಕೊನೆಯ ಬಸ್ಸು ಐದು ನಲವತ್ತಕ್ಕೆ.
ಪ್ರಾಕ್ಟಿಕಲ್ ಮುಗಿಯುವುದು ಆರಕ್ಕೆ.
ಕವಿತಾಳದ ಬಸಲಿಂಗಮ್ಮ
ಬ್ಯೂರೆಟ್ಟಿನ ಕೊನೆಯ ಹನಿ ಗುಲಾಬಿಗೆ ತಿರುಗುವ ಮುಂಚೆ
ರೀಡಿಂಗು ಅಂದಾಜಿಗೆ ಬರೆದು
ಏಪ್ರನ್ ಕಳಚುತ್ತ ಓಡುತ್ತಾಳೆ.
ಅವಳ ವಿಜ್ಞಾನಕ್ಕೆಲ್ಲ ಒಂದೊಂದು ಹನಿ ಕಡಿಮೆ.

ಮಧ್ಯಾಹ್ನ ಕರೆಂಟು ಹೋಯಿತು.
ಹೊರಗೆ, ರಾಯಚೂರಿನ ಬಿಸಿಲಿಗೆ ಬಂಡೆಗಳೇ ಕಣ್ಣು ಕಿರಿದು ಮಾಡಿಕೊಂಡಿದ್ದವು.
ಮಾಲಿ ಹುಸೇನಪ್ಪ ಟ್ಯಾಂಕರಿನ ಹಿಂದೆ ಪೈಪು ಹಿಡಿದು ನಿಂತಿದ್ದ.
ನೀರು ಒಂದು ಟ್ಯಾಂಕರು, ಸಸಿ ಮುನ್ನೂರ ಹನ್ನೆರಡು.
'ಬೇವಿಗೆ ಇವತ್ತಿಲ್ಲ, ಅದು ತಡಕೋತದ.
ಹೊಂಗಿಗೆ ಅರ್ಧ ಕೊಡ.
ಮಂತ್ರಿಗೋಳು ನೆಟ್ಟಿದ್ದು ಒಣಗಿ ಹೋಗ್ಯದ್ರಿ,
ಆದ್ರೂ ಒಂದು ಚೊಂಬು. ಬೋರ್ಡ್ ಅದಲ್ಲ.'

'ಮುಂದ ಹೆಂಗ ಮಾಡಬೇಕಂತ
ಮೊದಲ ವಿಚಾರ ಮಾಡಿ ಇಟಗೊಳ್ಳೋದಕ್ಕ ಏನಂತೀ ಹುಸೇನಪ್ಪ?'
'ಹಂಚಿಕಿ ಅಂತೀವ್ರಿ.'
'ಓದಿದವರು ಹಂಚಿಕೆ ಅಂದ್ರ ಹಂಚಿ ಕೊಡೋದು ಅಂತಾರ.'
ಪೈಪು ಮುಂದಿನ ಪಾತಿಗೆ ಎಳೆಯುತ್ತಿದ್ದವನು ನಿಂತ,
ನಿಜಕ್ಕೂ ಗೊತ್ತಿಲ್ಲದವನ ಹಾಗೆ ಕೇಳಿದ:
'ಅವೆರಡೂ ಬ್ಯಾರೆ ಬ್ಯಾರೆ ಅದಾವೇನ್ರಿ?'

ಆ ರಾತ್ರಿ ಟೈಪು ಮಾಡಿದೆ, ಹತ್ತು ವರ್ಷದ ಹಂಚಿಕೆ.
ಶೈಕ್ಷಣಿಕ ಹಂಚಿಕೆ. ಸಂಶೋಧನಾ ಹಂಚಿಕೆ.
ಪದಕ್ಕೆ ನಮ್ಮ ಅಡುಗೆಮನೆಯ ಹೊಗೆ ಹತ್ತಿತ್ತು.

'ಇದೇನ್ ಮೇಡಂ, ರೇಷನ್ ಅಂಗಡಿ ಇದ್ದಂಗ ಅದ'
ಎಂದರು ಉಪಕುಲಸಚಿವರು.
ಆಪರೇಟರ್ ಒಂದೇ ಒತ್ತಿಗೆ ಬದಲಿಸಿದ,
ನೂರಾ ತೊಂಬತ್ತು ಜಾಗ: ಕಾರ್ಯತಂತ್ರ.
ಎಪ್ಪತ್ಮೂರನೇ ಪುಟದಲ್ಲಿ,
ವಿಭಾಗಗಳಿಗೆ ಅನುದಾನದ ಹಂಚಿಕೆ ಇದ್ದಲ್ಲೂ
ಈಗ ವಿಭಾಗಗಳಿಗೆ ಅನುದಾನದ ಕಾರ್ಯತಂತ್ರ.
ಒಂಟಿ ಯಂತ್ರಕ್ಕಾದರೂ ಸತ್ಯ ಹೇಳಲು ಹೆದರಿಕೆಯಿಲ್ಲ.

ಶುಕ್ರವಾರ ಸರ್ವಾನುಮತ. ಮಿರ್ಚಿ, ಚಹಾ, ಗ್ರೂಪ್ ಫೋಟೋ.
ಯಾರೂ ಎಪ್ಪತ್ಮೂರನ್ನು ತಿರುವಲಿಲ್ಲ.
ಅರವತ್ತೊಂದನ್ನೂ ತಿರುವಲಿಲ್ಲ.
ಅಲ್ಲಿ, ವಿದ್ಯಾರ್ಥಿ ಸೌಲಭ್ಯದ ಕೆಳಗೆ,
ಮೂಲದಲ್ಲಿ ಇಲ್ಲದ ಒಂದು ಸಾಲು ಸೇರಿಸಿದ್ದೆ:
ಸಂಜೆ ಆರೂವರೆಗೆ ಒಂದು ಬಸ್ಸು, ಕವಿತಾಳದವರೆಗೆ.
ಅನುವಾದಕಿಯ ತಪ್ಪು. ಸಿಂಡಿಕೇಟಿನ ಠರಾವು.

ಯಾವಾಗ ಬರುತ್ತದೋ.
ಸದ್ಯಕ್ಕೆ ಐದು ಮೂವತ್ತೆಂಟು,
ಲ್ಯಾಬಿನ ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು.
ನಾನೂ ಚೀಲ ಹೆಗಲಿಗೇರಿಸಿದೆ.
ನನ್ನದೂ ಅದೇ ಬಸ್ಸು.