ಮಾಜಾಳಿಯ ಆಚೆ

ಗೇಟಿನ ಈ ಕಡೆ ಇಪ್ಪತ್ತೊಂಬತ್ತು ವರ್ಷ ನಿಂತವನು ನಾನು,
ಅಬಕಾರಿ ಇಲಾಖೆ, ಖಾಕಿ, ಕೈಯಲ್ಲೊಂದು ಟಾರ್ಚು.
ಆಚೆ ಕಡೆಗೆ, ಕುಡಿಯಲೆಂದೇ,
ಹೋದದ್ದು ಇವತ್ತೇ ಮೊದಲು.

ಕಾಣಕೋಣದ ಈಚೆ, ಗಾಳಿಮರಗಳ ಸಾಲು ಮುಗಿಯುವಲ್ಲಿ
ತಾಳಪೋಣ ಹೊಳೆ ಉಪ್ಪಾಗುವ ಜಾಗ.
ಹಳೆಯ ಐಸ್ ಫ್ಯಾಕ್ಟರಿ ಈಗ ಬಿಯರಿನ ಮನೆ.
ಮೀನು ತಣ್ಣಗಿಡುತ್ತಿದ್ದ ಗೋಡೆಗಳ ನಡುವೆ
ಆರು ಸ್ಟೀಲಿನ ಹಂಡೆ, ಹೊಟ್ಟೆ ತುಂಬ ಗುಡುಗುಡು.
ಮಾಲೀಕ ರುಜಾರ್, ಮಂಡಿ ಕಾಣುವ ಚಡ್ಡಿ,
"ಕಿವಿಯಿಟ್ಟು ಕೇಳಿ, ಹುದುಗುತ್ತಿದೆ" ಎಂದ.
ಕೇಳಿದೆ. ನಮ್ಮ ಮನೆಯ ಇಡ್ಲಿ ಹಿಟ್ಟು
ಇಷ್ಟು ಗಟ್ಟಿಯಾಗಿ ಎಂದೂ ಮಾತಾಡಿದ್ದಿಲ್ಲ.

ಎಲ್ಲೆಲ್ಲಿ ಹುಡುಕಿಲ್ಲ ಇದನ್ನು!
ಸ್ಟೆಪ್ನಿ ಟೈರಿನೊಳಗೆ, ಮದುವೆ ದಿಬ್ಬಣದ ಟ್ರಂಕಿನಲ್ಲಿ,
ತೊಳೆ ತೆಗೆದು ಮತ್ತೆ ಮುಚ್ಚಿದ ಹಲಸಿನಲ್ಲಿ,
ಒಮ್ಮೆ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ,
ಸಪ್ತಸ್ವರದ ಜಾಗಕ್ಕೆ ಏಳು ಕ್ವಾರ್ಟರು ಫೆನಿ.
ವಶಪಡಿಸಿ, ಪಂಚನಾಮೆ ಬರೆದು,
ವರ್ಷಕ್ಕೊಮ್ಮೆ ಸಾಹೇಬರೆದುರು ಗುಂಡಿಗೆ ಸುರಿದು
ಮೂಗು ಮುಚ್ಚಿಕೊಂಡು ಮನೆಗೆ ಬರುತ್ತಿದ್ದೆ.
ಹೆಂಡತಿ ಹಿತ್ತಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದಳು.
ಗೊತ್ತಿದ್ದದ್ದು ಮೂಗೊಂದಕ್ಕೇ.
ನಾಲಿಗೆಗೆ ಬರೀ ಅದರ ವದಂತಿ.

ಬಂತು ಗ್ಲಾಸು. ಮುರುಗಲು ಹಾಕಿ ಹುದುಗಿಸಿದ್ದು.
ಬಣ್ಣ: ಕೆಂಪು. ನೊರೆ: ಎರಡು ಬೆರಳು.
ಸೀಲು: ಇಲ್ಲ.
ಸಾಕ್ಷಿದಾರರು: ಒಂದು ಬೆಕ್ಕು, ಸಮುದ್ರ.

ಕುಡಿದೆ.
ಇಷ್ಟೇನಾ?
ಹುಳಿ, ಆಮೇಲೆ ಕಹಿ, ಆಮೇಲೆ ಬಾಯೊಳಗೆ
ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಂಥ ಖಾಲಿ.
ಇನ್ನೊಂದು ಗುಟುಕು, ಅದರಲ್ಲಿ ಕೂತು ನೋಡಲೆಂದು.

ಅಡುಗೆಮನೆಯಿಂದ ಪಿಯೆದಾದ್ ಬಾಯಿ ಕಳಿಸಿದ್ದು
ಬೆಳಿಗ್ಗೆ ಇಳಿತದಲ್ಲಿ ಹೊಳೆಯಿಂದ ಹೆಕ್ಕಿದ ಬೆಳಚಿನ ಸುಕ್ಕೆ,
ಬೆನ್ನು ಸೀಳಿ ಕೆಂಪು ಮಸಾಲೆ ತುಂಬಿದ ಬಂಗಡೆ.
ಅಭ್ಯಾಸಬಲ.
ಅದರ ಹೊಟ್ಟೆಯನ್ನೂ ಬೆರಳಿಂದ ತಪಾಸಣೆ ಮಾಡಿದೆ.

ಆಗ ನೆನಪಾದಳು.

ಇಪ್ಪತ್ತಮೂರು ವರ್ಷದ ಹಿಂದೆ, ಮೇ ತಿಂಗಳು,
ಕದಂಬ ಬಸ್ಸು, ಮೂರನೇ ಸೀಟು.
ಹಿಂದಿನ ವಾರವಷ್ಟೇ ಬಸುರಿಯೊಬ್ಬಳು
ಸೀರೆ ಸಡಿಲಿಸಿ ಹನ್ನೆರಡು ಬಾಟಲಿ ಹೆತ್ತಿದ್ದಳು.
ಇವಳನ್ನೂ ಇಳಿಸಿದೆ. ಬಿಸಿಲಿಗೆ ನಿಲ್ಲಿಸಿದೆ.
"ಎಂಟು ತಿಂಗಳು" ಎಂದಳು.
"ಎಲ್ಲರೂ ಹಾಗೇ ಅನ್ನುತ್ತಾರೆ" ಎಂದೆ.
ಮಹಿಳಾ ಪೇದೆ ಊಟಕ್ಕೆ ಹೋಗಿದ್ದಳು.
ಲಾಠಿಯ ತುದಿಯಿಂದ,
ತುದಿಯಿಂದ ಮಾತ್ರ, ಮೆಲ್ಲಗೆ, ಗಾಜಿನ ಸದ್ದು ಬರುತ್ತದೋ ಎಂದು
ನಾನೇ ತಟ್ಟಿದೆ.
ಒಳಗಿಂದ ಒದೆ ಬಂತು.
ಅಷ್ಟುದ್ದದ ಬೆತ್ತ ಹಾದು ನನ್ನ ಅಂಗೈಗೆ ಬಂತು.
ಪಂಚನಾಮೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ರುಜಾರನಿಗೆ ವಯಸ್ಸೆಷ್ಟು? ಮೂವತ್ತೊಂದು ಎಂದ.
ಸರಿ, ಅವನಲ್ಲ.
ಗ್ಲಾಸು ತಂದಿಟ್ಟ ಹುಡುಗಿಗೆ?
ವಾಸ್ಕೋದಲ್ಲಿ ಹುಟ್ಟಿದವಳು, ಗದಗಿನ ಅಜ್ಜಿಯ ಮಾತು:
"ಇನ್ನೊಂದ್ ಹಾಕ್ಲೇನ್ರೀ ಅಜ್ಜಾರ?"
ಅವಳನ್ನು ಕೇಳಲಿಲ್ಲ. ಬೇಡವೆಂದು ಕೈಯಾಡಿಸಿದೆ.
ಗ್ಲಾಸಿನ ತಳದಲ್ಲಿ ಉಳಿದದ್ದು
ಬೆಕ್ಕಿಗೂ ಬೇಡವಾಯಿತು.

ಹೊರಡುವಾಗ ಪಿಯೆದಾದ್ ಬಾಯಿ ಪತ್ರಿಕೆ ಸುತ್ತಿ ಕೊಟ್ಟಳು:
ಬಿಯರು ಬಸಿದುಳಿದ ಕಾಳಿನ ಚರಟ ಕಲಸಿ ಸುಟ್ಟ
ನಾಲ್ಕು ಪೊಯ್ ರೊಟ್ಟಿ, "ಮನೆಯವರಿಗೆ."
ಮನೆಯಲ್ಲಿ ಈಗ ಬಿಸಿನೀರಿಡುವವರಿಲ್ಲ
ಎಂದು ಹೇಳಲು ಹೋಗಲಿಲ್ಲ.

ಕೊನೆಯ ಬಸ್ಸು. ನನ್ನದೇ ಗೇಟು.
ಹತ್ತಿದವನು ಹೊಸ ಹುಡುಗ, ನನ್ನ ಗುರುತಿಲ್ಲ.
"ಚೀಲ ತೆರೀರಿ."
ರೊಟ್ಟಿ ಮೂಸಿದ, ಹುಬ್ಬು ಗಂಟಿಕ್ಕಿ ಮತ್ತೆ ಮೂಸಿದ.
ಒಳ್ಳೆಯ ಮೂಗು, ಮುಂದೆ ಬರುತ್ತಾನೆ.
"ಕುಡಿದೀರಾ?"
"ಹೂಂ."
"ಹೊಟ್ಟೆಯೊಳಗಿನದಕ್ಕೆ ಕೇಸಿಲ್ಲ, ಬಿಡಿ" ಎಂದು ನಕ್ಕ.

ಟಾರ್ಚಿನ ಬೆಳಕು ನನ್ನ ಬೊಜ್ಜಿನ ಮೇಲೆ
ಒಂದು ಗಳಿಗೆ ನಿಂತಿತು.
ತಟ್ಟಲಿ ಎಂದು ಕಾದೆ.

ಅವನು ಹಿಂದಿನ ಸೀಟಿಗೆ ಹೋದ.